ಇರುವೆ ಒಯ್ದದ್ದೆಷ್ಟು, ಗಿಡಕ್ಕೆ ಉಳಿದದ್ದೆಷ್ಟು?

ಏಳನೇ ತರಗತಿಯ ‘ಸಸ್ಯಗಳಲ್ಲಿ ಸಂತಾನೋತ್ಪತ್ತಿ’ ಘಟಕಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಬರೆಯುವ ಪಾಠಯೋಜನೆಗಳಲ್ಲಿ ಬೀಜ ಪ್ರಸರಣದ ಭಾಗ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿರುತ್ತದೆ. ಗಾಳಿಗೆ ಎಕ್ಕ, ನೀರಿಗೆ ತೆಂಗು, ಪ್ರಾಣಿಗೆ ಉತ್ತರಾಣಿ, ಸಿಡಿಯುವುದಕ್ಕೆ ಹರಳು. ಚಾರ್ಟು ತೂಗುಹಾಕಿ, ನಾಲ್ಕು ಪ್ರಶ್ನೆ ಕೇಳಿ, ಗೃಹಪಾಠ ಕೊಟ್ಟರೆ ಪಾಠ ಮುಗಿಯಿತು. ಇರುವೆ ಈ ಪಾಠಕ್ಕೆ ಬರುವುದೇ ಇಲ್ಲ. ಬಂದರೂ ಶ್ರಮ, ಶಿಸ್ತು, ಒಗ್ಗಟ್ಟಿನ ನೀತಿ ಹೇಳಲಿಕ್ಕೆ ಬರುತ್ತದೆ.

ತುಮಕೂರು, ಗುಬ್ಬಿ, ಕುಣಿಗಲ್‌ನ ಬೋಧನಾಭ್ಯಾಸ ಶಾಲೆಗಳಲ್ಲಿ ಇರುವೆ ಗೂಡಿಗಿಂತ ಅಗ್ಗದ, ಸತ್ವಯುತ ಕಲಿಕೋಪಕರಣ ಇನ್ನೊಂದಿಲ್ಲ ಎಂಬುದು ನನ್ನ ವಾದ. ರಾಗಿ ಕಟಾವಾದ ಮೇಲೆ ಹೊಲದ ಬದುವಿನಲ್ಲೋ ಶಾಲೆಯ ಮೈದಾನದಂಚಿನಲ್ಲೋ ನೋಡಿದರೆ, ಕೆಲವು ಗೂಡುಗಳ ಬಾಯಿಯ ಸುತ್ತ ಹೊಟ್ಟಿನ ಉಂಗುರ ಕಾಣುತ್ತದೆ. ಅವು ಕಾಳು ತಿನ್ನುವ ಇರುವೆಗಳ ಗೂಡು. ಬೀಜವನ್ನು ಒಳಗೊಯ್ದು, ಸಿಪ್ಪೆ ಬಿಡಿಸಿ, ಹೊಟ್ಟನ್ನು ಹೊರಗೆ ಹಾಕುತ್ತವೆ. ಹೀಗೆ ತಿಂದ ಬೀಜ ಮೊಳೆಯುವುದಿಲ್ಲ.

ಎಲ್ಲ ಬೀಜಕ್ಕೂ ಇದೇ ಗತಿಯಲ್ಲ. ನಾವು ‘ಸಿಡಿಯುವ’ ಪಟ್ಟಿಯಲ್ಲಿ ಬರೆಸುವ ಹರಳಿನ ಬೀಜವನ್ನೇ ನೋಡಿ. ಅದರ ತುದಿಯಲ್ಲೊಂದು ಪುಟ್ಟ ಬಿಳಿ ಗಂಟಿದೆ. ಇರುವೆಗೆ ಬೇಕಾದದ್ದು ಆ ಗಂಟು ಮಾತ್ರ. ಬೀಜವನ್ನು ಎಳೆದೊಯ್ದು, ಗಂಟನ್ನು ತಿಂದು, ಉಳಿದದ್ದನ್ನು ಬಿಟ್ಟುಬಿಡುತ್ತದೆ. ಬೀಜ ಹೊಸ ಜಾಗ ಸೇರಿತು. ಅಂದರೆ ಇರುವೆ ಒಂದು ಗಿಡಕ್ಕೆ ಕಳ್ಳ, ಇನ್ನೊಂದಕ್ಕೆ ಹಮಾಲಿ.

ಪಾಠದ ತಿರುಳು ಇಲ್ಲಿಂದ ಮುಂದಿದೆ. ರಾಗಿಯ ಒಂದು ಗ್ರಾಂನಲ್ಲಿ ಮುನ್ನೂರಕ್ಕೂ ಹೆಚ್ಚು ಕಾಳಿರುತ್ತವೆ. ಇರುವೆ ಹಿಡಿ ಕಾಳು ಹೊತ್ತರೂ ರೈತ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಇಡೀ ಗುಡ್ಡದಲ್ಲಿ ನಾಲ್ಕೇ ಗಿಡ ಉಳಿದಿರುವ ಜಾತಿಗೆ ಅದೇ ಹಿಡಿ ಬೀಜ ಒಂದು ವರ್ಷದ ಪೂರ್ತಿ ಫಸಲು. ಇರುವೆಯ ಹಸಿವು ಬದಲಾಗಿಲ್ಲ, ಗಿಡದ ಸಂಖ್ಯೆ ಬದಲಾಗಿದೆ.

ಇದಕ್ಕೆ ಚೆನ್ನಾಗಿ ಅಧ್ಯಯನವಾದ ಉದಾಹರಣೆ ಅಮೆರಿಕದ ಇಡಾಹೊ ರಾಜ್ಯದ ಲೆಪಿಡಿಯಂ ಪ್ಯಾಪಿಲ್ಲಿಫೆರಂ ಎಂಬ ಅಪರೂಪದ ಗಿಡ. ಬಾಣಂತಿಯರಿಗೆ ಕೊಡುವ ನಮ್ಮ ಆಳ್ವಿ ಬೀಜದ ಕುಲವೇ ಅದರ ಕುಲ. ಅಲ್ಲಿನ ಸುಗ್ಗಿ ಇರುವೆಗಳು ಗೂಡಿನ ಹತ್ತಿರದ ಗಿಡಗಳ ಬೀಜದಲ್ಲಿ ಬಹುಪಾಲನ್ನು ಹೊತ್ತೊಯ್ಯುತ್ತವೆ. ಹಾಗೆಂದು ಇರುವೆಯೇ ಅಪರಾಧಿಯೇ? 2009ರಲ್ಲಿ ಆ ಗಿಡವನ್ನು ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಿದಾಗ ಹೇಳಿದ ಮುಖ್ಯ ಕಾರಣಗಳು ಕಾಳ್ಗಿಚ್ಚು ಮತ್ತು ಹೊರಗಿನಿಂದ ಬಂದ ಹುಲ್ಲು. ಗಿಡ ಮತ್ತು ಇರುವೆ ಎರಡೂ ಆ ನೆಲದವೇ. ನೆಲ ಕೆಟ್ಟು ಗಿಡ ವಿರಳವಾದ ಮೇಲೆ ಇರುವೆಯ ಊಟ ಭಾರವಾಯಿತು.

ನಮ್ಮಲ್ಲಿ ಮಾಕಳಿ ಬೇರನ್ನು ನೆನೆಯಿರಿ. ಒಣ ಗುಡ್ಡಗಳ ಬಂಡೆ ಸಂದಿಯಲ್ಲಿ ಹಬ್ಬುವ ಈ ಬಳ್ಳಿಯನ್ನು ಉಪ್ಪಿನಕಾಯಿಗಾಗಿ ಬೇರುಸಹಿತ ಅಗೆಯುತ್ತೇವೆ. ಬೀಜ ಕಟ್ಟುವ ಬಳ್ಳಿಗಳೇ ಕಡಿಮೆಯಾದಾಗ ಬೀಜ ತಿನ್ನುವ ಪ್ರತಿಯೊಂದು ಬಾಯಿಯೂ ಲೆಕ್ಕಕ್ಕೆ ಬರುತ್ತದೆ. ‘ಇರುವೆ ಅಪರೂಪದ ಗಿಡಗಳ ಶತ್ರು’ ಎಂದು ಕಪ್ಪುಹಲಗೆಯ ಮೇಲೆ ಬರೆದರೆ ಮಕ್ಕಳು ಮರುದಿನ ಗೂಡಿಗೆ ಇರುವೆ ಪುಡಿ ಸುರಿಯುತ್ತಾರೆ. ‘ಪ್ರಕೃತಿಯಲ್ಲಿ ಎಲ್ಲವೂ ಸಮತೋಲನ’ ಎಂದು ಬರೆದರೆ ಏನನ್ನೂ ಯೋಚಿಸುವುದಿಲ್ಲ. ಎರಡೂ ಕೆಟ್ಟ ಪಾಠ.

ಒಳ್ಳೆಯ ಪಾಠಕ್ಕೆ ಬೇಕಾದದ್ದು ಎರಡು ತಟ್ಟೆ, ಒಂದು ಹಿಡಿ ರಾಗಿ. ಗೂಡಿನಿಂದ ಸಮದೂರದಲ್ಲಿ ಒಂದರಲ್ಲಿ 20, ಇನ್ನೊಂದರಲ್ಲಿ 200 ಕಾಳು ಇಡಿ. ಅರ್ಧ ಗಂಟೆಯ ನಂತರ ಉಳಿದದ್ದನ್ನು ಮಕ್ಕಳೇ ಎಣಿಸಲಿ. ಎರಡರಿಂದಲೂ 15 ಹೋಗಿದ್ದವು ಎನ್ನೋಣ: ಒಂದರಲ್ಲಿ ಶೇ. 75 ನಷ್ಟ, ಇನ್ನೊಂದರಲ್ಲಿ ಶೇ. 7.5. ಇಷ್ಟು ಸರಳವಾಗಿ ಬರದೆಯೂ ಇರಬಹುದು. ಕಾಳು ಹೆಚ್ಚಿದ್ದ ಕಡೆ ಇರುವೆಗಳೇ ಹೆಚ್ಚು ಕೂಡಬಹುದು. ಆಗ ಪ್ರಶ್ನೆ ಇನ್ನೂ ಚೆಂದವಾಗುತ್ತದೆ. ಮರುದಿನ ದೂರ ಬದಲಿಸಿ, ಹುಚ್ಚೆಳ್ಳು ಇಟ್ಟು ನೋಡಲಿ. ಗಣಿತದ ಶೇಕಡಾವಾರು ಇಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಎಚ್ಚರಿಕೆಯೊಂದಿದೆ: ಹರಳಿನ ಬೀಜ ವಿಷ. ಅದನ್ನು ಶಿಕ್ಷಕರು ಕೈಯಲ್ಲಿ ಹಿಡಿದು ತೋರಿಸಬೇಕೇ ಹೊರತು ಮಕ್ಕಳಿಗೆ ಹಂಚಬಾರದು.

ಈ ಪಾಠ ಒಂದು ಅವಧಿಗೆ ಮುಗಿಯುವುದಿಲ್ಲ, ತೊಡಕಿರುವುದು ಅಲ್ಲೇ. ನಮ್ಮ ವೀಕ್ಷಣಾ ನಮೂನೆಯಲ್ಲಿ ‘ನಿಗದಿತ ಸಮಯದಲ್ಲಿ ಪಾಠದ ಮುಕ್ತಾಯ’ಕ್ಕೆ ಅಂಕವಿದೆ, ಉತ್ತರ ಸಿಗದ ಪ್ರಶ್ನೆಯೊಂದಿಗೆ ಮಕ್ಕಳನ್ನು ಮನೆಗೆ ಕಳಿಸುವುದಕ್ಕೆ ಅಂಕವಿಲ್ಲ. ಜಾಣ ಪ್ರಶಿಕ್ಷಣಾರ್ಥಿ ಹಾಗಾಗಿಯೇ ಚಾರ್ಟನ್ನು ಆರಿಸಿಕೊಳ್ಳುತ್ತಾನೆ. ತಪ್ಪು ಅವನದಲ್ಲ. ತರಗತಿ ಹೊರಗೆ ಗದ್ದಲವಾಗುತ್ತದೆ, ಪಠ್ಯ ಹಿಂದೆ ಬೀಳುತ್ತದೆ ಎಂಬ ಮುಖ್ಯೋಪಾಧ್ಯಾಯರ ಆತಂಕವೂ ಸುಳ್ಳಲ್ಲ. ಆದ್ದರಿಂದ ನಾನು ಕೇಳುವುದು ಸ್ವಲ್ಪವೇ: ಪ್ರತಿ ಪ್ರಶಿಕ್ಷಣಾರ್ಥಿಗೆ ಇಂಟರ್ನ್‌ಶಿಪ್‌ನಲ್ಲಿ ಇಂಥದ್ದೊಂದು ಪಾಠವನ್ನು ಎರಡು ಅವಧಿಗೆ ಹಂಚಲು ಅವಕಾಶ ಕೊಡೋಣ. ಎರಡನೆಯ ದಿನವೂ ಮೇಲ್ವಿಚಾರಕರು ಹೋಗಿ, ಮಕ್ಕಳ ಎಣಿಕೆಯ ಪುಸ್ತಕ ನೋಡಿ ಅಂಕ ಹಾಕಲಿ.

ಈ ಮಾಗಿಯಲ್ಲೇ ಶುರುಮಾಡಬಹುದು. ಕಣದ ಸುತ್ತ ಇರುವೆಗಳು ಆಗಲೇ ಕೆಲಸದಲ್ಲಿರುತ್ತವೆ.