ನಿದ್ರೆಯಿಲ್ಲದ ನಾರಾಯಣ

ಮೊನ್ನೆ ಒಂದು ಮದುವೆಮನೆಯ ಊಟದ ಪಂಕ್ತಿಯಲ್ಲಿ ನಿವೃತ್ತ ಶಸ್ತ್ರವೈದ್ಯರೊಬ್ಬರು ನನ್ನ ಪಕ್ಕದಲ್ಲಿ ಕುಳಿತಿದ್ದರು. ಮಾತು ಈಗಿನ ಎಳೆಯ ಡಾಕ್ಟರುಗಳ ಕಡೆಗೆ ಹೊರಳಿತು. “ಈ ಹುಡುಗರಲ್ಲಿ ಸೇವಾಭಾವವೇ ಇಲ್ಲ, ಸ್ವಾಮಿ. ಗಡಿಯಾರ ನೋಡಿಕೊಂಡು ಕೆಲಸ ಮಾಡುತ್ತಾರೆ. ನಾವು ಎರಡು ಹಗಲು ಒಂದು ರಾತ್ರಿ ವಾರ್ಡಿನಿಂದ ಕದಲುತ್ತಿರಲಿಲ್ಲ” ಎಂದರು. ಸುತ್ತಲಿದ್ದವರೆಲ್ಲ ತಲೆದೂಗಿದರು. ಪಾಯಸ ಬಡಿಸುತ್ತಿದ್ದವನೂ ಒಂದು ಗಳಿಗೆ ನಿಂತು ತಲೆದೂಗಿದ. ನಾನು ಸುಮ್ಮನಿದ್ದೆ. ಪಂಕ್ತಿಯಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಹೇಳುತ್ತೇನೆ.

ವೈದ್ಯನನ್ನು ನಾರಾಯಣನೆಂದು ಕರೆಯುವುದು ನಮ್ಮ ವಾಡಿಕೆ. ಹಾಗೆ ಕರೆಯುವಾಗ ಒಂದು ಸಂಗತಿಯನ್ನು ಮರೆಯುತ್ತೇವೆ. ಪುರಾಣದ ನಾರಾಯಣ ಆಷಾಢದ ಏಕಾದಶಿಯಂದು ಮಲಗಿದರೆ ಏಳುವುದು ಕಾರ್ತಿಕದಲ್ಲಿ. ಅವನಿಗೆ ನಾಲ್ಕು ತಿಂಗಳ ನಿದ್ರೆ ಸಲ್ಲುತ್ತದೆ. ಆಸ್ಪತ್ರೆಯ ನಾರಾಯಣನಿಗೆ ನಾಲ್ಕು ಗಂಟೆಯೂ ಸಲ್ಲದು!

ಲೆಕ್ಕ ಹಾಕಿ ನೋಡೋಣ. ದೊಡ್ಡ ಆಸ್ಪತ್ರೆಯೊಂದರ ರೆಸಿಡೆಂಟ್ ಡಾಕ್ಟರು, ಎಂದರೆ ಎಂ.ಬಿ.ಬಿ.ಎಸ್. ಮುಗಿಸಿ ಮೇಲಿನ ಪದವಿಗೆ ಓದುತ್ತಲೇ ದುಡಿಯುವ ಹುಡುಗನೋ ಹುಡುಗಿಯೋ, ಸೋಮವಾರ ಬೆಳಿಗ್ಗೆ 8 ಗಂಟೆಗೆ ವಾರ್ಡಿಗೆ ಬರುತ್ತಾರೆ. ಹಗಲೆಲ್ಲ ಹೊರರೋಗಿಗಳ ಸಾಲು, ರಾತ್ರಿಯೆಲ್ಲ ಕ್ಯಾಷುಯಾಲ್ಟಿ. ಮಂಗಳವಾರ ಬೆಳಿಗ್ಗೆ ಮನೆಗೆ ಹೋಗುವಂತಿಲ್ಲ; ದೊಡ್ಡ ಡಾಕ್ಟರ ರೌಂಡ್ಸ್ ಉಂಟು, ಮತ್ತೆ ಹಗಲಿನ ಕೆಲಸ ಉಂಟು. ರಾತ್ರಿ 8ಕ್ಕೆ ಬಿಡುಗಡೆಯಾದರೆ 36 ಗಂಟೆಯಾಯಿತು. ಈ ನಡುವೆ ರಕ್ತದ ಶೀಷೆಗಳನ್ನು ಲ್ಯಾಬಿಗೆ ಹೊತ್ತವರೂ ಅವರೇ, ವಿಮೆಯ ಕಾಗದ ತುಂಬಿದವರೂ ಅವರೇ, ಹಾಸಿಗೆ ಸಿಗಲಿಲ್ಲವೆಂದು ರೋಗಿಯ ಕಡೆಯವರಿಂದ ಬೈಸಿಕೊಂಡವರೂ ಅವರೇ.

ಇದಕ್ಕೆ ‘ಸೇವೆ’ ಎಂದು ಹೆಸರು. ಹೆಸರು ದೊಡ್ಡದು, ಪರಿಣಾಮವೇನು? 1997ರಲ್ಲಿ ಆಸ್ಟ್ರೇಲಿಯದ ಇಬ್ಬರು ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. 17 ಗಂಟೆ ಎಚ್ಚರವಿದ್ದವನ ಕೈ-ಕಣ್ಣುಗಳ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವನ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆಯಾದರೆ 100 ಮಿಲಿಗ್ರಾಂ ಇರುವವನ ಮಟ್ಟಕ್ಕೆ. ನಮ್ಮ ದೇಶದಲ್ಲಿ 30 ಮಿಲಿಗ್ರಾಂ ಮೀರಿದರೆ ವಾಹನ ನಡೆಸುವುದು ಅಪರಾಧ. ಸ್ಕೂಟರಿನ ಹಿಡಿಯನ್ನು ಮುಟ್ಟಗೊಡದಷ್ಟು ಮಂಕಾದ ಕೈಗೆ ನಾವು ಹೆತ್ತ ತಾಯಿಯ ನರವನ್ನು ಒಪ್ಪಿಸುತ್ತೇವೆ! 2004ರಲ್ಲಿ ಅಮೆರಿಕದ ಬಾಸ್ಟನ್ನಿನ ಆಸ್ಪತ್ರೆಯೊಂದರ ತೀವ್ರನಿಗಾ ವಾರ್ಡುಗಳಲ್ಲಿ ನಡೆದ ಅಧ್ಯಯನ ಇನ್ನೂ ನೇರವಾದುದು. ಹಳೆಯ ದೀರ್ಘ ಪಾಳಿಯಲ್ಲಿ ಎಳೆಯ ವೈದ್ಯರಿಂದಾದ ಗಂಭೀರ ತಪ್ಪುಗಳು, ಮೊಟಕು ಪಾಳಿಯಲ್ಲಿ ಆದುದಕ್ಕಿಂತ ಶೇಕಡ 36ರಷ್ಟು ಹೆಚ್ಚು.

“ನಾವೂ ಹಾಗೆಯೇ ದುಡಿದೆವು” ಎಂಬುದು ಹಿರಿಯರ ಕೊನೆಯ ಬಾಣ. ಸೊಸೆಯಾಗಿ ಅತ್ತವಳು ಅತ್ತೆಯಾದ ಮೇಲೆ ಆಡುವ ಮಾತು ಇದು. ಈ ಪದ್ಧತಿಯ ಮೂಲವನ್ನಾದರೂ ಅವರು ಬಲ್ಲರೆ? ಶಸ್ತ್ರವೈದ್ಯರನ್ನು ಹೀಗೆ ಆಸ್ಪತ್ರೆಯಲ್ಲೇ ಇರಿಸಿ ಪಳಗಿಸುವ ಕ್ರಮವನ್ನು ಕಟ್ಟಿದವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್. ಆ ಆಸ್ಪತ್ರೆ ತೆರೆದದ್ದು 1889ರಲ್ಲಿ. ಹಾಲ್‌ಸ್ಟೆಡ್ ಮಹಾ ಮೇಧಾವಿ, ಸಂದೇಹವಿಲ್ಲ. ಆದರೆ ಅರಿವಳಿಕೆಗೆಂದು ಕೊಕೇನನ್ನು ತಮ್ಮ ಮೇಲೆಯೇ ಪ್ರಯೋಗಿಸಿ ಅದರ ದಾಸರಾದವರು. ಆಮೇಲೆ ಮಾರ್ಫಿನ್ನಿಗೂ ದಾಸರಾದವರು. ಅಂಥವರು ಹಾಕಿದ ಅಳತೆಯನ್ನು ನಮ್ಮ ಹಿರಿಯರು ಋಷಿವಾಕ್ಯವೆಂದು ಕಾಪಾಡುತ್ತಿದ್ದಾರೆ.

ನಿಯಮವಿಲ್ಲವೆ? ಉಂಟು. 1992ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ರೆಸಿಡೆನ್ಸಿ ಯೋಜನೆ ಸ್ಪಷ್ಟವಾಗಿ ಹೇಳಿತು: ನಿರಂತರ ಕೆಲಸ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದು, ಸರದಿಯಂತೆ ವಾರಕ್ಕೊಂದು ರಜ ಇರಬೇಕು. ‘ಸಾಮಾನ್ಯವಾಗಿ’ ಎಂಬ ಒಂದು ಪದದ ಕಿಂಡಿಯಲ್ಲಿ ಇಡೀ ನಿಯಮ ಸೋರಿಹೋಯಿತು. 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಾವಳಿ ತಂದಿತು. ಅದರಲ್ಲಿ 12 ಇಲ್ಲ, ಯಾವ ಸಂಖ್ಯೆಯೂ ಇಲ್ಲ. ‘ಸಮಂಜಸವಾದ’ ಕೆಲಸದ ಹೊತ್ತು, ‘ಸಮಂಜಸವಾದ’ ವಿಶ್ರಾಂತಿ ಎಂದಿತು. ಅಂಕಿ ಹೋಗಿ ವಿಶೇಷಣ ಬಂತು! ವಿಶೇಷಣವನ್ನು ಯಾವ ಗಡಿಯಾರ ಅಳೆದೀತು? 2024ರಲ್ಲಿ ಅದೇ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರದಿರಲಿ ಎಂದು ಶಿಫಾರಸು ಮಾಡಿತು. ಕಾರ್ಖಾನೆಯ ಕೂಲಿಕಾರನಿಗೆ 1948ರ ಕಾಯಿದೆಯೇ 48 ಗಂಟೆಯ ಮಿತಿ ಹಾಕಿತ್ತೆಂಬುದನ್ನು ನೆನೆಯಿರಿ.

ಅದೇ 2024ರ ಆಗಸ್ಟಿನಲ್ಲಿ ಕೋಲ್ಕತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ, ದೀರ್ಘ ಪಾಳಿಯ ನಡುವೆ ಒರಗಲು ಸೆಮಿನಾರ್ ಕೊಠಡಿಗೆ ಹೋದ ಎಳೆಯ ವೈದ್ಯೆಯೊಬ್ಬಳು ಅತ್ಯಾಚಾರಕ್ಕೀಡಾಗಿ ಕೊಲೆಯಾದಳು. ದೇಶ ಮೇಣದ ಬತ್ತಿ ಹಚ್ಚಿತು. ಕಾವಲುಗಾರರ ಮಾತು, ಕ್ಯಾಮರಾಗಳ ಮಾತು ಬಹಳ ಕೇಳಿಸಿತು. ಆಕೆಗೆ ಮಲಗಲು ಅಗುಳಿಯಿರುವ ಒಂದು ಕೊಠಡಿ ಏಕಿರಲಿಲ್ಲ ಎಂಬ ಮಾತು ಅಷ್ಟು ಕೇಳಿಸಲಿಲ್ಲ.

ಪಾಳಿ ಮೇಲಿಂದ ಮೇಲೆ ಬದಲಾದರೆ ರೋಗಿಯ ವಿವರ ಕೈತಪ್ಪುತ್ತದೆ ಎನ್ನುವರು. ನಿಜ, ಆ ಭಯ ಪೊಳ್ಳಲ್ಲ. ಆದರೆ ವಿವರವನ್ನು ಸರಿಯಾಗಿ ಒಪ್ಪಿಸುವುದನ್ನು ಕಲಿಸಬಹುದು. ನಿದ್ರೆಯಿಲ್ಲದೆ ಬದುಕುವುದನ್ನು ಯಾರೂ ಕಲಿಸಲಾರರು. ಜನ ಸಾಲದು ಎನ್ನುವರು. ಹಾಗಾದರೆ ಕೊರತೆ ಇರುವುದು ಹುದ್ದೆಗಳಲ್ಲಿ, ಹುಡುಗರ ಸೇವಾಭಾವದಲ್ಲಲ್ಲ. ಮೂವರ ಕೆಲಸವನ್ನು ಒಬ್ಬನ ಸ್ಟೈಪೆಂಡಿನಲ್ಲಿ ಮಾಡಿಸುವುದಕ್ಕೆ ಬೇರೆ ಕಡೆ ಬೇರೆ ಹೆಸರಿದೆ.

ಹುಡುಗರೇ ಏಕೆ ಬಾಯಿಬಿಡುವುದಿಲ್ಲ? ಅವರ ಪ್ರಬಂಧಕ್ಕೆ ರುಜು ಹಾಕುವವರು ಪಾಳಿ ಬರೆಯುವ ವಿಭಾಗದವರೇ. ಒಳಗೊಳಗೇ ಬೇಯುತ್ತಾರೆ. ಎಣ್ಣೆ ತೀರಿದ ದೀಪದಲ್ಲಿ ಬತ್ತಿಯೇ ಸುಡುತ್ತದೆ. ದಣಿವು, ಆಮೇಲೆ ಕೆಲಸದ ಮೇಲೆ ಜುಗುಪ್ಸೆ, ಕೊನೆಗೆ ತನ್ನಿಂದೇನೂ ಆಗದೆಂಬ ನಿರಾಶೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಸ್ಥಿತಿಯನ್ನು ರೋಗವೆನ್ನದೆ, ವೃತ್ತಿಗೆ ಸಂಬಂಧಿಸಿದ ವಿದ್ಯಮಾನವೆಂದು ಹೆಸರಿಸಿತು. ಚಿಕಿತ್ಸೆ ಬೇಕಾದುದು ಕೆಲಸಕ್ಕೆ. ನಾವಾದರೋ ಹುಡುಗರಿಗೆ ಯೋಗಾಸನದ ತರಗತಿ ಏರ್ಪಡಿಸುತ್ತೇವೆ!

ಆದ್ದರಿಂದ ಮಾತಾಡಬೇಕಾದವರು ನಾವು. ಅಮೆರಿಕದಲ್ಲಿ 1984ರಲ್ಲಿ ಲಿಬಿ ಜಯಾನ್ ಎಂಬ 18 ವರ್ಷದ ಹುಡುಗಿ ಆಸ್ಪತ್ರೆಯಲ್ಲಿ ಸತ್ತಳು. ಪತ್ರಕರ್ತನಾದ ಅವಳ ತಂದೆ ಬಿಡದೆ ಹೋರಾಡಿದ. 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆ, ಒಂದೇ ಸಮನೆ 24 ಗಂಟೆ ಎಂಬ ಮಿತಿ ತಂದಿತು. ನಾವು ಬೇಡಬೇಕಾದುದು ಬಹಳವಲ್ಲ: ಪ್ರತಿ ವಾರ್ಡಿನ ಬಾಗಿಲಲ್ಲಿ, ಕರ್ತವ್ಯದಲ್ಲಿರುವ ವೈದ್ಯರು ಎಷ್ಟು ಗಂಟೆಗೆ ಬಂದರು, ಎಷ್ಟು ಗಂಟೆಗೆ ಹೋಗುತ್ತಾರೆ ಎಂಬುದನ್ನು ಬರೆದ ಒಂದು ಹಲಗೆ. ಅಂಕಿಯಲ್ಲಿ, ವಿಶೇಷಣದಲ್ಲಲ್ಲ.

ಮುಂದಿನ ಸಲ ಯಾವನಾದರೂ ಎಳೆಯ ಡಾಕ್ಟರು ನಮ್ಮೊಡನೆ ಸಿಡುಕಿದರೆ, ಸೇವಾಭಾವದ ಮಾತೆತ್ತುವ ಮುನ್ನ ಒಂದು ಪ್ರಶ್ನೆ ಕೇಳೋಣ: “ಮಲಗಿ ಎಷ್ಟು ಹೊತ್ತಾಯಿತಪ್ಪಾ?”