ಕುಪ್ಪಿಯಲ್ಲಿ ಬರುವ ಯೌವನ

ಭಾನುವಾರದ ಬಲಿಪೂಜೆ ಮುಗಿದು ಜನರು ದೇವಾಲಯದ ಅಂಗಳದಲ್ಲಿ ನಿಂತು ಕುಶಲ ವಿಚಾರಿಸಿಕೊಳ್ಳುತ್ತಿದ್ದಾಗ, ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಅಂಗಿಯ ಜೇಬಿನಿಂದ ಚಿಕ್ಕದೊಂದು ಕುಪ್ಪಿಯನ್ನು ಹೊರತೆಗೆದು ನಮ್ಮ ಕೈಗಿತ್ತರು. ಪರದೇಶದಲ್ಲಿ ಉದ್ಯೋಗದಲ್ಲಿರುವ ಮಗ ಕಳುಹಿಸಿದ ಔಷಧವಂತೆ. ದಿನಕ್ಕೆ ಎರಡು ಬಾರಿ ನಾಲಗೆಯ ಅಡಿಗೆ ಸಿಂಪಡಿಸಿಕೊಂಡರೆ ಮಾನವ ಬೆಳವಣಿಗೆಯ ಹಾರ್ಮೋನು ವೃದ್ಧಿಸಿ, ಮಾಂಸಖಂಡಗಳು ಬಲಗೊಂಡು, ಚರ್ಮದ ಸುಕ್ಕು ಅಳಿದು, ಪ್ರಾಯವು ಹತ್ತಿಪ್ಪತ್ತು ವರ್ಷ ಹಿಂದಕ್ಕೆ ಸರಿಯುವುದೆಂದು ಅದರ ಮೇಲಿನ ಚೀಟಿ ಸಾರುತ್ತಿತ್ತು. "ನೀವು ಓದುವವರು, ಇದರಲ್ಲಿ ಸತ್ಯವೆಷ್ಟು ಹೇಳಿ" ಎಂದು ಅವರು ಕೇಳಿದರು. ಅಂಗಳದಲ್ಲಿ ನಿಂತು ಕೊಡಬಹುದಾದ ಉತ್ತರ ಇದಲ್ಲವಾದ್ದರಿಂದಲೂ, ಇಂತಹ ಕುಪ್ಪಿಗಳು ಇನ್ನೂ ಹಲವು ಮನೆಗಳನ್ನು ಹೊಕ್ಕಿರುವುದನ್ನು ಬಲ್ಲೆವಾದ್ದರಿಂದಲೂ ಈ ವಾರದ ಅಂಕಣವನ್ನು ಅವರ ಪ್ರಶ್ನೆಗೇ ಮೀಸಲಿಡುತ್ತಿದ್ದೇವೆ.

ಮಿದುಳಿನ ತಳಭಾಗದಲ್ಲಿ ಬಟಾಣಿ ಕಾಳಿನಷ್ಟು ಗಾತ್ರದ ಪಿಟ್ಯುಟರಿ ಎಂಬ ಗ್ರಂಥಿಯಿದೆ. ಬೆಳವಣಿಗೆಯ ಹಾರ್ಮೋನು ಅಲ್ಲಿಂದ ಸ್ರವಿಸುತ್ತದೆ. ಅದೂ ದಿನವಿಡೀ ಒಂದೇ ಸಮನಾಗಿ ಅಲ್ಲ, ಅಲೆಯಲೆಯಾಗಿ, ವಿಶೇಷವಾಗಿ ರಾತ್ರಿಯ ಗಾಢ ನಿದ್ರೆಯ ವೇಳೆಯಲ್ಲಿ. ನಿದ್ದೆಯಲ್ಲಿ ಮಕ್ಕಳು ಬೆಳೆಯುತ್ತಾರೆಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದುದು ಅಷ್ಟರಮಟ್ಟಿಗೆ ನಿಜವೇ. ಮಕ್ಕಳಲ್ಲಿ ಇದು ಎಲುಬುಗಳನ್ನು ನೀಳವಾಗಿಸುತ್ತದೆ. ದೊಡ್ಡವರಲ್ಲಿ ಕೊಬ್ಬು, ಮಾಂಸಖಂಡ ಮತ್ತು ಸಕ್ಕರೆಯ ಅಂಶಗಳ ಹೊಂದಾಣಿಕೆಯಲ್ಲಿ ಪಾಲುಗೊಳ್ಳುತ್ತದೆ. ಯೌವನ ಕಳೆದ ಬಳಿಕ ಪ್ರತಿ ಹತ್ತು ವರ್ಷಕ್ಕೆ ಶೇಕಡಾ 14ರಷ್ಟು ಇದರ ಸ್ರಾವ ಕುಗ್ಗುತ್ತಾ ಹೋಗುವುದೆಂದು ವೈದ್ಯಶಾಸ್ತ್ರ ಲೆಕ್ಕ ಹಾಕಿದೆ. ವಯಸ್ಸಾದಂತೆ ಹಾರ್ಮೋನು ಕಡಿಮೆಯಾಗುವುದಾದರೆ, ಹಾರ್ಮೋನನ್ನು ಮರಳಿ ತುಂಬಿಸಿದರೆ ವಯಸ್ಸು ಕಡಿಮೆಯಾಗಬೇಕಲ್ಲವೇ? ವ್ಯಾಪಾರದ ತರ್ಕವೆಲ್ಲ ಇಷ್ಟೇ. ಕೂದಲು ನರೆತಾಗ ವಯಸ್ಸಾಗಿರುತ್ತದೆ, ಆದುದರಿಂದ ಕೂದಲಿಗೆ ಕಪ್ಪು ಹಚ್ಚಿದರೆ ವಯಸ್ಸು ಇಳಿಯುವುದೆಂದು ವಾದಿಸಿದಂತೆ.

ಹತ್ತಿಪ್ಪತ್ತು ವರ್ಷವೆಂಬ ಮಾತಿಗೂ ಒಂದು ಮೂಲವಿದೆ. 1990ರ ಜುಲೈ 5ರಂದು ಅಮೆರಿಕದ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಡಾಕ್ಟರ್ ಡೇನಿಯಲ್ ರುಡ್‌ಮನ್ ಮತ್ತು ಸಂಗಡಿಗರು ಒಂದು ಲೇಖನ ಪ್ರಕಟಿಸಿದರು. 61ರಿಂದ 81 ವರ್ಷದೊಳಗಿನ 12 ಮಂದಿ ಪುರುಷರಿಗೆ ಆರು ತಿಂಗಳ ಕಾಲ ಈ ಹಾರ್ಮೋನಿನ ಚುಚ್ಚುಮದ್ದು ನೀಡಲಾಗಿತ್ತು; 9 ಮಂದಿಗೆ ಏನನ್ನೂ ನೀಡಿರಲಿಲ್ಲ. ಚುಚ್ಚುಮದ್ದು ಪಡೆದವರ ದೇಹದಲ್ಲಿ ಕೊಬ್ಬಲ್ಲದ ಭಾಗ ಶೇಕಡಾ 8.8ರಷ್ಟು ಹೆಚ್ಚಿತು, ಕೊಬ್ಬು ಶೇಕಡಾ 14.4ರಷ್ಟು ಇಳಿಯಿತು. ಕೊಬ್ಬು ಮತ್ತು ಮಾಂಸದ ಪ್ರಮಾಣದಲ್ಲಿ ಕಂಡ ಈ ಬದಲಾವಣೆ ಹತ್ತಿಪ್ಪತ್ತು ವರ್ಷಗಳ ವೃದ್ಧಾಪ್ಯ ತರುವ ಬದಲಾವಣೆಗೆ ಸಮಾನವೆಂದು ಲೇಖಕರು ಬರೆದರು. ಆ ಒಂದು ವಾಕ್ಯ ಸಾಕಾಯಿತು. ವೈದ್ಯರು ತೂಕದ ಲೆಕ್ಕವಾಗಿ ಹೇಳಿದ್ದನ್ನು ವ್ಯಾಪಾರಿಗಳು ಆಯುಷ್ಯದ ಲೆಕ್ಕವಾಗಿ ತಿರುಚಿ, ಕುಪ್ಪಿಯ ಮೇಲೆ ಅಚ್ಚು ಹಾಕಿಸಿದರು. ಹದಿಮೂರು ವರ್ಷಗಳ ನಂತರ, 2003ರಲ್ಲಿ, ಅದೇ ಪತ್ರಿಕೆಯು ತನ್ನ ಲೇಖನವನ್ನು ಜಾಹೀರಾತಿಗೆ ಬಳಸಿಕೊಳ್ಳುತ್ತಿರುವ ಬಗ್ಗೆ ಓದುಗರನ್ನು ಎಚ್ಚರಿಸಬೇಕಾಯಿತು.

ಆ ವೃದ್ಧರ ಕೈಕಾಲುಗಳಿಗೆ ನಿಜವಾಗಿ ಶಕ್ತಿ ಬಂದಿತೇ ಎಂಬುದನ್ನು ಪರೀಕ್ಷಿಸಿದವರು ಬೇರೆಯವರು. 1996ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 70 ವರ್ಷ ಮೀರಿದ, ಆರೋಗ್ಯವಂತರಾದ 52 ಮಂದಿಗೆ ಹಾರ್ಮೋನನ್ನು ಅಥವಾ ಹುಸಿಮದ್ದನ್ನು ನೀಡಿ, ಯಾರಿಗೆ ಯಾವುದೆಂದು ತಿಳಿಸದೆ ಆರು ತಿಂಗಳು ಗಮನಿಸಿದರು. ಕೊಬ್ಬು ಇಳಿಯಿತು, ಮಾಂಸ ಹೆಚ್ಚಿತು. ಆದರೆ ಹಿಡಿತದ ಬಲವಾಗಲಿ, ನಿತ್ಯದ ಕೆಲಸ ಮಾಡಿಕೊಳ್ಳುವ ಸಾಮರ್ಥ್ಯವಾಗಲಿ ಸುಧಾರಿಸಲಿಲ್ಲ. 2007ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅದುವರೆಗಿನ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದಾಗಲೂ ಕಂಡದ್ದು ಸುಮಾರು ಎರಡು ಕಿಲೋ ಕೊಬ್ಬು ಕಡಿಮೆ, ಎರಡು ಕಿಲೋ ಕೊಬ್ಬಲ್ಲದ ತೂಕ ಹೆಚ್ಚು, ಅಷ್ಟೇ. ಅದಕ್ಕೆ ತೆತ್ತ ಬೆಲೆ ಮಾತ್ರ ಕಡಿಮೆಯದಲ್ಲ: ಕಾಲುಗಳಲ್ಲಿ ನೀರು ತುಂಬಿ ಬಾವು, ಕೀಲುನೋವು, ಮಣಿಕಟ್ಟಿನ ನರ ಅದುಮಿ ಬೆರಳುಗಳಿಗೆ ಜೋಮು, ರಕ್ತದಲ್ಲಿ ಸಕ್ಕರೆಯ ಏರಿಕೆ. ನಮ್ಮ ಮನೆಗಳಲ್ಲಿ ಅರವತ್ತು ದಾಟಿದವರ ಪೈಕಿ ಸಕ್ಕರೆ ಕಾಯಿಲೆ ಇಲ್ಲದವರನ್ನು ಹುಡುಕಬೇಕಾದ ಸ್ಥಿತಿಯಿರುವಾಗ ಈ ಕೊನೆಯ ಮಾತನ್ನು ಲಘುವಾಗಿ ಕಾಣುವಂತಿಲ್ಲ.

ಇದಕ್ಕಿಂತ ಗಂಭೀರವಾದ ಪಾಠವೂ ಇದೆ. ತೀವ್ರ ನಿಗಾ ಘಟಕಗಳಲ್ಲಿರುವ ರೋಗಿಗಳ ಮಾಂಸಖಂಡ ಕರಗುವುದನ್ನು ತಡೆಯಬಹುದೆಂಬ ಸದುದ್ದೇಶದಿಂದ ಯೂರೋಪಿನಲ್ಲಿ 532 ರೋಗಿಗಳ ಮೇಲೆ ನಡೆದ ಎರಡು ಪ್ರಯೋಗಗಳ ಫಲಿತಾಂಶ 1999ರಲ್ಲಿ ಹೊರಬಂದಿತು. ಹಾರ್ಮೋನು ಪಡೆದವರಲ್ಲಿ ಸಾವಿನ ಪ್ರಮಾಣ ಪಡೆಯದವರಿಗಿಂತ ಸುಮಾರು ಎರಡು ಪಟ್ಟಾಗಿತ್ತು. ಶಕ್ತಿ ತುಂಬುವ ವಸ್ತುವೆಲ್ಲ ಬಲಹೀನನಿಗೆ ಹಿತವೆಂಬ ನಮ್ಮ ನಂಬಿಕೆ ಎಷ್ಟು ಅಪಾಯಕಾರಿ!

ದೇಹದಲ್ಲಿ ಈ ಹಾರ್ಮೋನು ಹೆಚ್ಚಿದ್ದರೆ ಆಯುಷ್ಯ ವೃದ್ಧಿಸುವುದೆಂಬ ಮಾತಿಗೂ ಆಧಾರವಿಲ್ಲ. ಪಿಟ್ಯುಟರಿಯಲ್ಲಿ ಗಂತಿ ಬೆಳೆದು ಹಾರ್ಮೋನು ಅತಿಯಾದವರು ಕೈಕಾಲು, ದವಡೆ ದಪ್ಪವಾಗಿ, ಹೃದ್ರೋಗ ಮತ್ತು ಸಕ್ಕರೆ ಕಾಯಿಲೆಗೆ ತುತ್ತಾಗಿ, ಚಿಕಿತ್ಸೆ ದೊರೆಯದಿದ್ದರೆ ಅಕಾಲದಲ್ಲಿ ತೀರಿಕೊಳ್ಳುತ್ತಾರೆ. ಇದಕ್ಕೆ ಪ್ರತಿಯಾಗಿ, ಹುಟ್ಟಿನಿಂದಲೇ ಈ ಹಾರ್ಮೋನಿಲ್ಲದ ಒಂದು ಜಾತಿಯ ಕುಬ್ಜ ಇಲಿಗಳು ಉಳಿದ ಇಲಿಗಳಿಗಿಂತ ಹೆಚ್ಚುಕಡಿಮೆ ಅರ್ಧದಷ್ಟು ಅಧಿಕ ಕಾಲ ಬದುಕುವುದು 1996ರಲ್ಲಿ ಕಂಡುಬಂದಿತು. ದಕ್ಷಿಣ ಅಮೆರಿಕದ ಎಕ್ವಡಾರ್ ದೇಶದ ಲೋಹಾ ಪ್ರಾಂತ್ಯದ ಬೆಟ್ಟದ ಹಳ್ಳಿಗಳಲ್ಲಿ ಅತಿ ಗಿಡ್ಡ ಆಳ್ತನದ ಒಂದು ಜನವರ್ಗವಿದೆ. ಅವರ ದೇಹದಲ್ಲಿ ಹಾರ್ಮೋನು ಇದ್ದರೂ ಅದರ ಕರೆಗೆ ಓಗೊಡುವ ವ್ಯವಸ್ಥೆ ವಂಶಪಾರಂಪರ್ಯವಾಗಿ ಕೆಟ್ಟಿದೆ. 22 ವರ್ಷಗಳ ಕಾಲ ಅವರನ್ನು ಗಮನಿಸಿದ ವೈದ್ಯರು 2011ರಲ್ಲಿ ವರದಿ ಮಾಡಿದಂತೆ, 99 ಮಂದಿಯಲ್ಲಿ ಒಬ್ಬರಿಗೂ ಸಕ್ಕರೆ ಕಾಯಿಲೆ ಇರಲಿಲ್ಲ. ಅರ್ಬುದ ರೋಗ ಒಬ್ಬರಲ್ಲಿ ಮಾತ್ರ ಕಾಣಿಸಿಕೊಂಡಿತು, ಅದೂ ಪ್ರಾಣಾಂತಿಕವಾಗಲಿಲ್ಲ. ಅವರೇನೂ ಚಿರಾಯುಗಳಲ್ಲ, ಅಪಘಾತ, ಮದ್ಯಪಾನ ಮೊದಲಾದ ಕಾರಣಗಳಿಂದ ಎಲ್ಲರಂತೆ ಸಾಯುತ್ತಾರೆ. ಆದರೂ ವಯಸ್ಸಿನೊಂದಿಗೆ ಈ ಸ್ರಾವ ಇಳಿಯುವುದು ದೇಹದ ನಷ್ಟವೋ, ದೇಹದ ಜಾಗ್ರತೆಯೋ ಎಂದು ಯೋಚಿಸುವಂತೆ ಈ ಸಂಗತಿ ಮಾಡುತ್ತದೆ.

ಇದೆಲ್ಲವೂ ವೈದ್ಯರ ಕೈಯಿಂದ ಚುಚ್ಚುಮದ್ದಾಗಿ ದೊರೆಯುವ ನಿಜವಾದ ಹಾರ್ಮೋನಿನ ಮಾತು. ನಮ್ಮ ಹಿರಿಯರ ಕುಪ್ಪಿಯ ಕಥೆ ಇನ್ನೂ ಸರಳ. ಈ ಹಾರ್ಮೋನು 191 ಅಮೈನೋ ಆಮ್ಲಗಳ ಸರಪಣಿಯಿಂದಾದ ದೊಡ್ಡ ಪ್ರೋಟೀನು. ನುಂಗಿದರೆ ಜಠರವು ಅದನ್ನು ಬೇಳೆಯನ್ನೂ ಮೀನನ್ನೂ ಜೀರ್ಣಿಸುವಂತೆ ಜೀರ್ಣಿಸಿಬಿಡುತ್ತದೆ. ಸಿಂಪಡಿಸಿದರೆ ಬಾಯಿಯ ಒಳಪದರವನ್ನು ದಾಟಿ ರಕ್ತಕ್ಕೆ ಸೇರುವಷ್ಟು ಚಿಕ್ಕದೂ ಅದಲ್ಲ. ಮಗನು ಬೆವರು ಸುರಿಸಿ ಗಳಿಸಿದ ಹಣ ರುಚಿಗಟ್ಟಿದ ನೀರಾಗಿ ಬಂದಿದೆ ಎಂದು ಹೇಳಲು ನಮಗೆ ಸಂಕೋಚವಾಯಿತಾದರೂ ಹೇಳದೆ ಇರಲಾಗಲಿಲ್ಲ. ಅಮೆರಿಕದಲ್ಲಂತೂ ಮುಪ್ಪು ತಡೆಯುವ ಸಲುವಾಗಿ ಈ ಹಾರ್ಮೋನನ್ನು ವಿತರಿಸುವುದೇ ಕಾನೂನುಬಾಹಿರ.

1990ರ ಅದೇ ಬೇಸಿಗೆಯಲ್ಲಿ, ರುಡ್‌ಮನ್ನರ ಲೇಖನಕ್ಕಿಂತ ಮೂರು ವಾರ ಮುಂಚೆ, ಇನ್ನೊಂದು ಲೇಖನ ಪ್ರಕಟವಾಗಿತ್ತು. ಬಾಸ್ಟನ್ ನಗರದ ವೃದ್ಧಾಶ್ರಮದಲ್ಲಿ ಸರಾಸರಿ 90 ವರ್ಷದ ಹತ್ತು ಮಂದಿ ಕೃಶ ವೃದ್ಧರಿಗೆ ಡಾಕ್ಟರ್ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಎಂಟು ವಾರಗಳ ಕಾಲ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಕೊನೆಯವರೆಗೆ ಉಳಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ನಡಿಗೆಯ ವೇಗ ಶೇಕಡಾ 48ರಷ್ಟು ಸುಧಾರಿಸಿತು. ತೊಂಬತ್ತರ ಪ್ರಾಯದಲ್ಲಿ! ಒಂದು ಲೇಖನದಿಂದ ಕೋಟಿಗಟ್ಟಲೆ ಹಣದ ಉದ್ಯಮ ಹುಟ್ಟಿತು. ಇನ್ನೊಂದರ ಹೆಸರನ್ನೂ ನಮ್ಮಲ್ಲಿ ಹೆಚ್ಚಿನವರು ಕೇಳಿಲ್ಲ. ಕುರ್ಚಿಯಿಂದ ಹತ್ತು ಸಲ ಎದ್ದು ಕುಳಿತುಕೊಳ್ಳುವುದನ್ನು ಕುಪ್ಪಿಯಲ್ಲಿ ತುಂಬಿ ಮಾರಲು ಬಾರದು ಎಂಬುದಲ್ಲದೆ ಇದಕ್ಕೆ ಬೇರೆ ಕಾರಣ ನಮಗೆ ತೋಚುವುದಿಲ್ಲ. ನಮ್ಮ ಮನೆಗಳಲ್ಲಾದರೋ "ಅಜ್ಜ, ನೀವು ಏಳಬೇಡಿ, ನಾವು ತಂದುಕೊಡುತ್ತೇವೆ" ಎಂಬುದೇ ಪ್ರೀತಿಯ ಲಕ್ಷಣವಾಗಿಬಿಟ್ಟಿದೆ. ಕೊಡಪಾನ ಹಿಡಿಯುತ್ತಿದ್ದ ಕೈಯಿಂದ ಲೋಟವನ್ನೂ ಕಸಿದುಕೊಂಡು, ಬಳಿಕ ಬಲವರ್ಧಕ ಔಷಧಕ್ಕಾಗಿ ಪರದೇಶಕ್ಕೆ ಹೇಳಿಕಳುಹಿಸುತ್ತೇವೆ.

ಹಾಗಾದರೆ ಈ ಹಾರ್ಮೋನಿನಿಂದ ಪ್ರಯೋಜನವೇ ಇಲ್ಲವೆಂದಲ್ಲ. ಇದು ಮಕ್ಕಳಿಗಾಗಿ ಬಂದ ಔಷಧ. 1958ರಲ್ಲಿ ಡಾಕ್ಟರ್ ಮಾರಿಸ್ ರೇಬನ್ ಎಂಬವರು ಮೃತರ ಪಿಟ್ಯುಟರಿಯಿಂದ ತೆಗೆದ ಹಾರ್ಮೋನನ್ನು ಬೆಳವಣಿಗೆ ಕುಂಠಿತವಾದವನಿಗೆ ನೀಡಿ ಆತನ ಎತ್ತರ ಹೆಚ್ಚಿದುದನ್ನು ವರದಿ ಮಾಡಿದರು. ಆಮೇಲೆ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳಿಗೆ ಹೀಗೆಯೇ ಚಿಕಿತ್ಸೆ ನಡೆಯಿತು. ಆದರೆ ಕೆಲವು ಗ್ರಂಥಿಗಳಲ್ಲಿ ಮಿದುಳನ್ನು ಕೊಳೆಯಿಸುವ ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ರೋಗದ ಬೀಜ ಅಡಗಿತ್ತು. ಚಿಕಿತ್ಸೆ ಪಡೆದ ಯುವಕರು ಸಾಯತೊಡಗಿದಾಗ 1985ರಲ್ಲಿ ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ಆ ಔಷಧವನ್ನು ನಿಲ್ಲಿಸಲಾಯಿತು. ಫ್ರಾನ್ಸ್ ದೇಶವೊಂದರಲ್ಲೇ ನೂರಕ್ಕೂ ಹೆಚ್ಚು ಮಂದಿ ಹೀಗೆ ಮೃತರಾದರು. ಅದೇ ವರ್ಷ ಬ್ಯಾಕ್ಟೀರಿಯಾಗಳ ಮೂಲಕ ತಯಾರಾದ ಶುದ್ಧ ಹಾರ್ಮೋನಿಗೆ ಅನುಮತಿ ದೊರೆತು, ಇಂದಿನ ಮಕ್ಕಳು ಆ ಭಯದಿಂದ ಪಾರಾಗಿದ್ದಾರೆ. ಈ ಔಷಧಕ್ಕೆ ಇಷ್ಟು ಮಕ್ಕಳ ಪ್ರಾಣದ ಚರಿತ್ರೆಯಿದೆ ಎಂಬುದನ್ನು ಅದನ್ನು ಸೌಂದರ್ಯ ಸಾಧನದಂತೆ ಮಾರುವವರು ನೆನೆಯುವುದುಂಟೇ?

ನಮ್ಮನ್ನು ನಿಜವಾಗಿ ಕಳವಳಗೊಳಿಸುವುದು ಇಲ್ಲಿಯೇ. ಜ್ಞಾನೋಪದೇಶದ ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಅತಿ ಗಿಡ್ಡ ಮಗುವನ್ನು ಕುರಿತು "ಅವರ ಕುಟುಂಬವೇ ಗಿಡ್ಡ" ಎಂದು ನಕ್ಕು ಮುಂದೆ ಸಾಗುತ್ತೇವೆ. ಹೆಚ್ಚಿನ ಪಾಲು ಅದು ನಿಜವೇ. ಪೌಷ್ಟಿಕ ಆಹಾರದ ಕೊರತೆ, ಥೈರಾಯ್ಡ್ ದೋಷ ಮುಂತಾದವೂ ಇರಬಹುದು. ಆದರೆ ಕೆಲವರಲ್ಲಿ ಹಾರ್ಮೋನಿನ ಕೊರತೆಯೇ ಇರುತ್ತದೆ, ಹೆಣ್ಣುಮಕ್ಕಳಲ್ಲಿ ಟರ್ನರ್ ಸಿಂಡ್ರೋಮ್ ಇರಬಹುದು. ಅಂತಹವರಿಗೆ ಈ ಚುಚ್ಚುಮದ್ದಿನಿಂದ ಪ್ರಯೋಜನವುಂಟು. ಎಲುಬಿನ ತುದಿಗಳು ಕೂಡಿಕೊಂಡ ಮೇಲೆ ಯಾವ ಔಷಧವೂ ಎತ್ತರವನ್ನು ಕೊಡಲಾರದು. ವರ್ಷಕ್ಕೆ ಎರಡು ಬಾರಿ ಮಗುವನ್ನು ಗೋಡೆಗೆ ನಿಲ್ಲಿಸಿ ಎತ್ತರವನ್ನು ತಾರೀಕು ಸಹಿತ ಗುರುತಿಸಿಟ್ಟು, ಬೆಳವಣಿಗೆ ನಿಂತಂತೆ ಕಂಡರೆ ಮಕ್ಕಳ ವೈದ್ಯರಿಗೆ ತೋರಿಸುವುದಕ್ಕೆ ಖರ್ಚು ಏನೂ ಇಲ್ಲ. ಬೇಕಾದ ಮಗುವಿಗೆ ಸಿಗದ ಔಷಧದ ಹೆಸರು ಬೇಡವಾದ ಅಜ್ಜನ ಜೇಬಿನಲ್ಲಿರುವುದು ನಮಗೆ ಸರಿಕಾಣುವುದಿಲ್ಲ.

ಆರೋಗ್ಯವನ್ನು ಕಾಪಾಡಿಕೊಳ್ಳುವುದು ಕರ್ತವ್ಯವೆಂದೂ ದೇಹವನ್ನೇ ಆರಾಧ್ಯವಾಗಿಸುವುದು ಸಲ್ಲದೆಂದೂ ನಮ್ಮ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. 1999ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು, ತಾವೇ ಎಪ್ಪತ್ತೊಂಬತ್ತರ ಪ್ರಾಯದಲ್ಲಿದ್ದಾಗ, ಹಿರಿಯರಿಗೆಂದೇ ಪತ್ರವೊಂದನ್ನು ಬರೆದರು. ನಡುಗುವ ಕೈಯನ್ನು ಲೋಕದ ಕಣ್ಣಿನಿಂದ ಮರೆಮಾಚದೆಯೇ ಅವರು ಕೊನೆಯವರೆಗೂ ಬಾಳಿದರು.

ನಮ್ಮ ಹಿರಿಯರಿಗೆ ಇಷ್ಟನ್ನೂ ವಿವರಿಸಿದೆವು. ಅವರು ಮೌನವಾಗಿ ಕೇಳಿದರು. ಬಳಿಕ ಕುಪ್ಪಿಯನ್ನು ಮತ್ತೆ ಜೇಬಿಗೆ ಸೇರಿಸಿ, "ಉಪಯೋಗವಿಲ್ಲವೆಂದು ನನಗೂ ಅನಿಸಿತ್ತು. ಆದರೆ ಮಗ ಪ್ರತಿ ವಾರ ಫೋನ್ ಮಾಡಿ, ಔಷಧ ತೆಗೆದುಕೊಂಡಿರಾ ಅಪ್ಪ ಎಂದು ಕೇಳುತ್ತಾನೆ. ಅದು ಮುಗಿದ ಮೇಲೆ ಕೇಳಲು ಅವನಿಗೆ ಬೇರೆ ಏನಿದೆ?" ಎಂದರು. ಈ ಪ್ರಶ್ನೆಗೆ ನಮ್ಮ ಓದಿನಲ್ಲಿ ಉತ್ತರವಿರಲಿಲ್ಲ. ಪತ್ರಿಕೆಯ ಈ ಪುಟವನ್ನು ಕತ್ತರಿಸಿ ಅವರ ಮಗನ ವಿಳಾಸಕ್ಕೆ ಕಳುಹಿಸಲು ಅನುಮತಿ ಕೇಳಿದ್ದೇವೆ, ಅವರು ಒಪ್ಪಿದ್ದಾರೆ.