ಕಳ್ಳನಿಗಿಂತ ಮೊದಲು ನಾವೇ ಬಾಗಿಲು ತಳ್ಳಿ ನೋಡಬಾರದೇ?

2025ರ ಜನವರಿ ನೆನಪಿದೆಯಾ? 16ನೇ ತಾರೀಕು ಬೀದರಿನಲ್ಲಿ ಎಟಿಎಂಗೆ ತುಂಬಬೇಕಿದ್ದ ಹಣವನ್ನು ಗುಂಡು ಹಾರಿಸಿ ದೋಚಿದರು. ಮರುದಿನವೇ ನಮ್ಮ ಮಂಗಳೂರಿನ ಮಗ್ಗುಲಲ್ಲಿ, ಕೆ.ಸಿ.ರೋಡಿನಲ್ಲಿರುವ ಕೋಟೆಕಾರು ವ್ಯವಸಾಯ ಸೇವಾ ಸಹಕಾರಿ ಸಂಘದ ಶಾಖೆಗೆ ಹಾಡುಹಗಲೇ ನುಗ್ಗಿ ಕೋಟಿಗಟ್ಟಲೆ ಬೆಲೆಯ ಚಿನ್ನ ಹೊತ್ತುಕೊಂಡು ಹೋದರು. ಆಮೇಲೆ ಎಷ್ಟೋ ದಿನ ಸಿಟಿ ಬಸ್ಸಿನಲ್ಲಿ, ಹೋಟೆಲಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಅದೇ ಮಾತು.

ಅದೇ ತಿಂಗಳು, ಇವೆರಡಕ್ಕೂ ಕೆಲವೇ ದಿನ ಮುಂಚೆ, ಇನ್ನೊಂದು ದರೋಡೆ ಆಗಿತ್ತು. ಹೊಸಪೇಟೆಯ ಬಿಡಿಸಿಸಿ ಬ್ಯಾಂಕು, ಅಂದರೆ ಬಳ್ಳಾರಿ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕಿನ ಗ್ರಾಹಕರು ಆರ್‌ಟಿಜಿಎಸ್, ಎನ್‌ಇಎಫ್‌ಟಿ ಮೂಲಕ ಕಳಿಸಿದ ಹಣದಲ್ಲಿ ಸುಮಾರು 2.34 ಕೋಟಿ ರೂಪಾಯಿ ಬೇರೆ ಯಾರದೋ ಖಾತೆಗಳಿಗೆ ಹೋಗಿತ್ತು. ಬಂದೂಕಿಲ್ಲ, ಕಾರಿಲ್ಲ, ಮುಸುಕಿಲ್ಲ. ಅದರ ಬಗ್ಗೆ ಬಸ್ಸಿನಲ್ಲಿ ಯಾರಾದರೂ ಮಾತಾಡಿದ್ದು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನನಗೆ ಮಾತ್ರ ಆ ಮೂರರಲ್ಲಿ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಇದೇ.

ಆದದ್ದು ಏನೆಂದರೆ, ಬಿಡಿಸಿಸಿ ಬ್ಯಾಂಕು ತನ್ನ ಗ್ರಾಹಕರ ಹಣ ವರ್ಗಾವಣೆಯ ವಿವರವನ್ನು ಒಂದು ಫೈಲು ಮಾಡಿ ಐಡಿಬಿಐ ಬ್ಯಾಂಕಿಗೆ ಕಳಿಸುತ್ತಿತ್ತು. ವರದಿಗಳ ಪ್ರಕಾರ ಆ ಫೈಲಿನಲ್ಲಿ ಹಣ ಪಡೆಯುವವರ ಹೆಸರು ಹಾಗೇ ಇತ್ತು, ಖಾತೆ ನಂಬರು ಮತ್ತು ಐಎಫ್‌ಎಸ್‌ಸಿ ಕೋಡು ಮಾತ್ರ ಬದಲಾಗಿತ್ತು. ಎನ್‌ಇಎಫ್‌ಟಿಯಲ್ಲಿ ಹಣ ಜಮೆಯಾಗುವುದು ನಂಬರು ನೋಡಿ, ಹೆಸರು ನೋಡಿ ಅಲ್ಲ. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರುಮಾಡಿದಾಗಿನಿಂದ ನಮ್ಮ ಕರಾವಳಿಯವರು ಏಜೆಂಟರ ಮುಖ ನೋಡಿ ದುಡ್ಡು ಕೊಟ್ಟವರು. ಕಂಪ್ಯೂಟರಿಗೆ ಪಾಪ, ಮುಖವೂ ಗೊತ್ತಿಲ್ಲ, ಹೆಸರೂ ಬೇಕಾಗಿಲ್ಲ!

ಈಗ ನನ್ನ ತಕರಾರಿಗೆ ಬರುತ್ತೇನೆ. ನಮ್ಮಲ್ಲಿ ಬ್ಯಾಂಕುಗಳ ಭದ್ರತಾ ಪರೀಕ್ಷೆ ನಡೆಯುವುದೇ ಇಲ್ಲವೆಂದಲ್ಲ. ರಿಸರ್ವ್ ಬ್ಯಾಂಕು 2016ರ ಜೂನಿನಲ್ಲೇ ವಾಣಿಜ್ಯ ಬ್ಯಾಂಕುಗಳಿಗೆ ಸೈಬರ್ ಭದ್ರತೆಯ ಚೌಕಟ್ಟು ಹಾಕಿಕೊಟ್ಟಿತು. 2018ರಲ್ಲಿ ನಗರ ಸಹಕಾರಿ ಬ್ಯಾಂಕುಗಳಿಗೂ ನಿಯಮ ಬಂತು. 2019ರ ಕೊನೆಗೆ ಅವುಗಳನ್ನು ನಾಲ್ಕು ಹಂತ ಮಾಡಿ, ಹೆಚ್ಚು ಡಿಜಿಟಲ್ ಸೇವೆ ಕೊಡುವವರಿಗೆ ಹೆಚ್ಚು ಬಿಗಿ ಮಾಡಿತು. ಕಾಗದದಲ್ಲಿ ಎಲ್ಲ ಸರಿಯಿದೆ. ಆದರೆ ನಾನು ಕಂಡಂತೆ ಪರೀಕ್ಷೆ ಎಂದರೆ ಹೆಚ್ಚಿನ ಕಡೆ ಒಂದು ಸ್ಕ್ಯಾನರ್ ಓಡಿಸುವುದು, ಅದು ಉಗುಳಿದ ಕೆಂಪು-ಹಳದಿ ಪಟ್ಟಿಯನ್ನು ಪಿಡಿಎಫ್ ಮಾಡುವುದು, ಸರ್ಟಿಫಿಕೇಟು ಫೈಲಿಗೆ ಸೇರಿಸುವುದು. ಮುಂದಿನ ವರ್ಷ ಅದೇ ಪಟ್ಟಿ, ತಾರೀಕು ಮಾತ್ರ ಬೇರೆ.

ಇದು ಬೀಗ ಇದೆಯೋ ಇಲ್ಲವೋ ಎಂದು ನೋಡಿ ಟಿಕ್ ಹಾಕಿದ ಹಾಗೆ. ನಿಜವಾದ ಪರೀಕ್ಷೆ ಮಾಡುವವನು ಕಳ್ಳನ ಹಾಗೆ ಯೋಚಿಸಬೇಕು. ಬೀಗ ಗಟ್ಟಿಯಿದ್ದರೆ ಹಂಚು ತೆಗೆದು ಇಳಿಯಬಹುದೇ? ಬಿಡಿಸಿಸಿ ಪ್ರಕರಣವನ್ನೇ ತಗೊಳ್ಳಿ. ಕೇಳಬೇಕಾದದ್ದು ಒಂದೇ ಪ್ರಶ್ನೆ: "ಈ ಫೈಲನ್ನು ದಾರಿಯಲ್ಲಿ ಯಾರಾದರೂ ತಿದ್ದಿದರೆ ಆಚೆ ಕಡೆಯವರಿಗೆ ಗೊತ್ತಾಗುತ್ತದಾ?" ಎರಡೂ ಬ್ಯಾಂಕಿನ ಒಪ್ಪಿಗೆ ಪಡೆದು, ಪರೀಕ್ಷೆಗೆಂದೇ ಎರಡು ಖಾತೆ ಇಟ್ಟುಕೊಂಡು, ಒಂದಕ್ಕೆ ಹೋಗಬೇಕಾದ ಒಂದು ರೂಪಾಯಿಯ ಫೈಲಿನಲ್ಲಿ ಇನ್ನೊಂದರ ನಂಬರು ತುಂಬಿ ಕಳಿಸಿ ನೋಡಿದರೆ ಸಾಕು. ಫೈಲು ತಿರಸ್ಕಾರವಾದರೆ ಸರಿ. ಆ ರೂಪಾಯಿ ಇನ್ನೊಂದು ಖಾತೆಗೆ ಹೋಗಿ ಕೂತಿತೋ, ನಾಳೆ ಕೋಟಿಯೂ ಹೋಗುತ್ತದೆ. ಪರಿಹಾರ ಹೊಸದೇನಲ್ಲ. ಹಿಂದೆ ಪತ್ರಕ್ಕೆ ಅರಗಿನ ಮುದ್ರೆ ಒತ್ತುತ್ತಿದ್ದರಲ್ಲ, ಹಾಗೆ ಫೈಲಿಗೆ ಡಿಜಿಟಲ್ ಸಹಿ.

ಇನ್ನೊಂದು ವಿಷಯ, ಹಂಚು ಯಾವಾಗಲೂ ಬ್ಯಾಂಕಿನದೇ ಆಗಿರಬೇಕೆಂದಿಲ್ಲ. 2023ರಲ್ಲಿ ಮಂಗಳೂರಿನಲ್ಲಿ ಹಲವರ ಖಾತೆಯಿಂದ ಒಟಿಪಿ ಇಲ್ಲದೆ, ಫೋನ್ ಕರೆ ಇಲ್ಲದೆ ಹಣ ಮಾಯವಾಯಿತು. ಅವರೆಲ್ಲ ಜಾಗದ ನೋಂದಣಿ ಮಾಡಿಸಿದವರು. ನೋಂದಣಿ ಪತ್ರದಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನೇ ಎತ್ತಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆದಿದ್ದರು. ಪೊಲೀಸರು ಬಿಹಾರದಿಂದ ಆರೋಪಿಗಳನ್ನು ಹಿಡಿದು ತಂದರು. ಬ್ಯಾಂಕಿನ ಸರ್ವರು ಎಷ್ಟೇ ಗಟ್ಟಿಯಿದ್ದರೂ ಅಲ್ಲಿ ಏನು ಪ್ರಯೋಜನವಾಯಿತು?

ಸಾಫ್ಟ್‌ವೇರ್ ಕೊಡುವವರ ಕಥೆಯೂ ಇದೇ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಕಂಪೆನಿಯ ಮೇಲೆ ರಾನ್ಸಮ್‌ವೇರ್ ದಾಳಿ ಆದಾಗ ಎನ್‌ಪಿಸಿಐ ಅದರ ಸಂಪರ್ಕ ಕಡಿಯಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ಒಂದೇ ಏಟಿಗೆ ನಿಂತಿತು. ಕ್ಲೌಡ್‌ಸೆಕ್ ಎಂಬ ಭದ್ರತಾ ಸಂಸ್ಥೆಯ ವಿಶ್ಲೇಷಣೆಯ ಪ್ರಕಾರ ದಾಳಿಕೋರರು ಒಳಬಂದದ್ದು ಸಿ-ಎಡ್ಜ್ ಜೊತೆ ಕೆಲಸ ಮಾಡುವ ಮತ್ತೊಂದು ಕಂಪೆನಿಯ ಸರಿಯಾಗಿ ಭದ್ರಪಡಿಸದ ಸರ್ವರಿನಿಂದ. 300 ಬ್ಯಾಂಕುಗಳ ಹತ್ತಿರವೂ ಸರ್ಟಿಫಿಕೇಟು ಇದ್ದಿರಬಹುದು, ಆ ಒಂದು ಸರ್ವರಿನ ಬಾಗಿಲನ್ನು ಯಾರೂ ತಳ್ಳಿ ನೋಡಿರಲಿಲ್ಲ.

"ಸಣ್ಣ ಸೊಸೈಟಿ ಮಾರಾಯ, ಅಷ್ಟೆಲ್ಲ ಖರ್ಚು ಎಲ್ಲಿಂದ ಮಾಡುವುದು?" ಅನ್ನುವವರಿದ್ದಾರೆ. ಅವರ ಮಾತಲ್ಲೂ ನ್ಯಾಯ ಇದೆ. ಒಳ್ಳೆಯ ಪರೀಕ್ಷಕರು ಅಗ್ಗಕ್ಕೆ ಸಿಗುವುದಿಲ್ಲ. ಅದೂ ಅಲ್ಲದೆ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ರಿಸರ್ವ್ ಬ್ಯಾಂಕಿನ ಕೈಕೆಳಗೆ ಬರುವುದೂ ಇಲ್ಲ, ಹಾಗಾಗಿ ಮೇಲಿನ ನಿಯಮ ಅವಕ್ಕಿಲ್ಲ. ಆದರೆ ಒಬ್ಬೊಬ್ಬರೇ ಗೊಬ್ಬರ ತರಿಸಲು ಆಗದವರು ಸೇರಿ ತರಿಸಿದ್ದೇ ಅಲ್ಲವೇ ಸಹಕಾರ ಅಂದರೆ? ಹತ್ತಿಪ್ಪತ್ತು ಸಂಘಗಳು ಬಳಸುವುದು ಒಂದೇ ಕಂಪೆನಿಯ ಸಾಫ್ಟ್‌ವೇರ್ ಆಗಿದ್ದರೆ, ಎಲ್ಲರೂ ಸೇರಿ ಒಮ್ಮೆ ಸರಿಯಾಗಿ ಪರೀಕ್ಷೆ ಮಾಡಿಸಬಹುದು. ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕು 2018ರ ಆಗಸ್ಟಿನಲ್ಲಿ ಎರಡು ದಿನದ ದಾಳಿಯಲ್ಲಿ 94 ಕೋಟಿ ರೂಪಾಯಿ ಕಳಕೊಂಡಿತು. 28 ದೇಶಗಳ ಎಟಿಎಂಗಳಿಂದ ಹಣ ತೆಗೆದಿದ್ದರು. ಇದರ ಮುಂದೆ ಪರೀಕ್ಷೆಯ ಖರ್ಚು ಎಷ್ಟರದ್ದು?

ಇನ್ನು ತಪ್ಪು ಕಂಡವನು ಹೇಳುವ ದಾರಿ. ನನ್ನ ಗೆಳೆಯನೊಬ್ಬ ಒಂದು ಹಣಕಾಸು ಸಂಸ್ಥೆಯ ಜಾಲತಾಣದಲ್ಲಿ ತನ್ನ ರಸೀದಿ ನೋಡುವಾಗ ಬೇರೆಯವರ ರಸೀದಿ ತೆರೆದುಕೊಂಡಿತು. ಮಿಂಚಂಚೆ ಬರೆದು ತಿಳಿಸಿದ. ಬಂದ ಉತ್ತರ: "ನಿಮಗೆ ಇದನ್ನೆಲ್ಲ ನೋಡಲು ಅನುಮತಿ ಕೊಟ್ಟವರು ಯಾರು?" ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ಅನುಮತಿಯಿಲ್ಲದೆ ಒಳಹೊಕ್ಕು ನೋಡುವುದು ತಪ್ಪು, ನಿಜ. ಯಾರೂ ಹಾಗೆ ಮಾಡಲೂಬಾರದು. ಆದರೆ ಕಣ್ಣಿಗೆ ಬಿದ್ದದ್ದನ್ನು ಹೇಳಲು ಒಂದು ವಿಳಾಸ, ಹೇಳಿದವನಿಗೆ ಒಂದು ಧನ್ಯವಾದ ಬೇಡವೇ? "ನಿಮ್ಮ ಮನೆ ಬಾಗಿಲು ತೆರೆದಿದೆ" ಅಂದವನನ್ನೇ ಕಳ್ಳನೆಂದು ಹಿಡಿದರೆ ಇನ್ನೊಬ್ಬ ಹೇಳುತ್ತಾನೆಯೇ?

ನಾವು ಮಾಡಬಹುದಾದ್ದು ಒಂದಿದೆ. ಸೆಪ್ಟೆಂಬರ್ ಬಂತೆಂದರೆ ನಮ್ಮ ಕಡೆ ಸಹಕಾರಿ ಸಂಘಗಳ ಮಹಾಸಭೆಗಳ ಸಾಲು. ಡಿವಿಡೆಂಡು ಎಷ್ಟು ಎಂದು ಕೇಳಿ, ಚಾ-ಗೋಳಿಬಜೆ ಮುಗಿಸಿ ಬರುತ್ತೇವೆ. ಈ ಸಲ ಇನ್ನೂ ಮೂರು ಪ್ರಶ್ನೆ ಕೇಳೋಣ. ಕಳೆದ ವರ್ಷ ಪರೀಕ್ಷೆ ಮಾಡಿದವರು ಒಳಗೆ ಬರಲು ನಿಜವಾಗಿ ಪ್ರಯತ್ನಿಸಿದರಾ? ಅವರು ಹೇಳಿದ ತಪ್ಪುಗಳಲ್ಲಿ ಎಷ್ಟು ಸರಿಯಾಯಿತು, ಸರಿಯಾದದ್ದನ್ನು ಮತ್ತೆ ನೋಡಿದವರು ಯಾರು? ಸಾಫ್ಟ್‌ವೇರ್ ಕೊಟ್ಟ ಕಂಪೆನಿಯನ್ನು ಪರೀಕ್ಷಿಸುವ ಹಕ್ಕು ನಮ್ಮ ಕರಾರಿನಲ್ಲಿದೆಯಾ?

ಅಧ್ಯಕ್ಷರು ತಡವರಿಸಬಹುದು, ಪಕ್ಕದವರು ನಗಬಹುದು. ನಗಲಿ ಬಿಡಿ. ಅಲ್ಲಿರುವುದು ನಮ್ಮ ಅಪ್ಪ-ಅಮ್ಮನ ಠೇವಣಿ. ನೀವೇನಂತೀರಿ?